ಬಲ್ಬ್ ಬದಲಿಸುವ ಮುನ್ನ ಹೆಡ್‌ಲೈಟಿನ ಹೊದಿಕೆಯನ್ನು ನೋಡಿ

ಮಾನ್ಯ ಸಂಪಾದಕರೇ,

ಕೊಟ್ಟಿಗೆಹಾರದ ಸಮೀಪ ವಾಸಿಸುವ ನಾನು ಉಜಿರೆಯಲ್ಲಿರುವ ಮಗಳ ಮನೆಗೆಂದು ತಿಂಗಳಿಗೆ ಎರಡು ಮೂರು ಬಾರಿಯಾದರೂ ಚಾರ್ಮಾಡಿ ಘಾಟಿ ಇಳಿದು ಹತ್ತುವವನು. ಕಳೆದ ಆಷಾಢದ ಒಂದು ಸಂಜೆ, ಮಳೆಯ ಜೊತೆಗೆ ಮಂಜೂ ಕವಿದಿದ್ದ ಹೊತ್ತಿನಲ್ಲಿ, ತಿರುವೊಂದರ ಅಂಚಿಗೆ ಬೈಕ್ ನಿಲ್ಲಿಸಿ ರೈನ್‌ಕೋಟ್ ತೊಡುತ್ತಿದ್ದ ಯುವಕನೊಬ್ಬ ನನ್ನ ಕಾರಿನಿಂದ ಎರಡೇ ಮಾರು ದೂರದಲ್ಲಿದ್ದಾಗ ಕಣ್ಣಿಗೆ ಬಿದ್ದ. ಏರಿನಲ್ಲಿ ನಿಧಾನವಾಗಿ ಬರುತ್ತಿದ್ದುದರಿಂದ ಬ್ರೇಕ್ ತುಳಿದೊಡನೆ ಕಾರು ನಿಂತಿತು. ಅವನಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ದೃಷ್ಟಿ ಮಂದವಾಗಿರಬೇಕೆಂದು ಮರುವಾರವೇ ಕಣ್ಣು ಪರೀಕ್ಷೆ ಮಾಡಿಸಿದೆ. ಕನ್ನಡಕ ಬದಲಿಸುವ ಅಗತ್ಯವೂ ಇಲ್ಲವೆಂದರು ವೈದ್ಯರು. ದೋಷವಿದ್ದುದು ಹನ್ನೊಂದು ವರ್ಷ ಹಳೆಯದಾದ ನನ್ನ ಕಾರಿನ ಹೆಡ್‌ಲೈಟುಗಳಲ್ಲಿ. ಅವುಗಳ ಹೊದಿಕೆ ಹಳದಿಗಟ್ಟಿ, ಹಾಲು ಬೆರೆಸಿದ ನೀರಿನಂತೆ ಮಬ್ಬಾಗಿತ್ತು. ದಿನವೂ ನೋಡುತ್ತಿದ್ದ ನನಗೆ ಅದು ಗಮನಕ್ಕೇ ಬಂದಿರಲಿಲ್ಲ.

ಅಂಬಾಸಡರ್, ಪದ್ಮಿನಿ ಕಾರುಗಳ ದುಂಡು ದೀಪಗಳಿಗೆ ಗಾಜಿನ ಹೊದಿಕೆ ಇರುತ್ತಿತ್ತು. ಎಷ್ಟು ವರ್ಷ ಬಿಸಿಲಲ್ಲಿ ನಿಂತರೂ ಅದು ಹಳದಿಯಾಗುತ್ತಿರಲಿಲ್ಲ. ಈಗಿನ ಕಾರುಗಳಲ್ಲಿ ನಾವು ಗಾಜು ಎಂದು ಕರೆಯುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಗುರ, ಕಲ್ಲು ಸಿಡಿದರೆ ಸುಲಭವಾಗಿ ಒಡೆಯದು, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಆದರೆ ಬಿಸಿಲಿನ ಅತಿನೇರಳೆ ಕಿರಣವನ್ನು ಅದು ತಾನಾಗಿ ತಡೆದುಕೊಳ್ಳಲಾರದು. ಅದಕ್ಕಾಗಿ ಕಾರ್ಖಾನೆಯಲ್ಲಿಯೇ ಅದರ ಮೇಲೆ ತೆಳುವಾದ ರಕ್ಷಣಾ ಲೇಪ ಕೊಟ್ಟಿರುತ್ತಾರೆ. ವರ್ಷಗಳು ಕಳೆದಂತೆ ಬಿಸಿಲಿಗೆ ಈ ಲೇಪ ಸವೆದು, ಚಕ್ಕೆಯೆದ್ದು ಹೋಗುತ್ತದೆ. ಆಮೇಲೆ ಪ್ಲಾಸ್ಟಿಕ್ಕೇ ಹಳದಿಯಾಗಲು ಆರಂಭಿಸುತ್ತದೆ. ನಮ್ಮ ಮನೆಯಲ್ಲಿ ಕಾರಿನ ಬಲಭಾಗಕ್ಕೆ ಹಲಸಿನ ಮರದ ನೆರಳಿದೆ, ಎಡಭಾಗ ಬಯಲಿಗೆ ತೆರೆದಿದೆ. ಎಡಗಡೆಯ ದೀಪ ಬಲಗಡೆಯದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ಹಾಳಾಗಿತ್ತು.

ಹೀಗೆ ಮಬ್ಬಾದ ದೀಪದಿಂದ ಹೊರಬರುವ ಬೆಳಕು ಎಷ್ಟು ಕಡಿಮೆಯೆಂಬುದನ್ನು ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಅಳೆದು ಪ್ರಕಟಿಸಿತು. ಹಳದಿಗಟ್ಟಿದ ದೀಪಗಳು ಡಿಮ್‌ನಲ್ಲಿ ಕೊಡುತ್ತಿದ್ದುದು ಹೊಸ ದೀಪದ ಬೆಳಕಿನ ಶೇ 20ರಷ್ಟನ್ನು ಮಾತ್ರ. ಅವುಗಳನ್ನು ಉಜ್ಜಿ ಸರಿಪಡಿಸಿದಾಗ ಅದು ಸುಮಾರು ಶೇ 70ಕ್ಕೆ ಏರಿತು. ಉಳಿದ ಬೆಳಕು ಎಲ್ಲಿ ಹೋಗುತ್ತದೆ ಎಂಬುದು ಘಾಟಿಯಲ್ಲಿ ಓಡಾಡುವವರಿಗೆ ಮುಖ್ಯವಾದ ಪ್ರಶ್ನೆ. ಒಂದಿಷ್ಟು ಹೊದಿಕೆಯಲ್ಲಿಯೇ ತಡೆದುಹೋಗುತ್ತದೆ. ಇನ್ನೊಂದಿಷ್ಟು ದಿಕ್ಕುತಪ್ಪಿ ಮೇಲಕ್ಕೂ ಪಕ್ಕಕ್ಕೂ ಚದುರಿ ಎದುರಿನವರ ಕಣ್ಣಿಗೆ ಚುಚ್ಚುತ್ತದೆ, ಮಂಜಿದ್ದರೆ ಬಿಳಿಯ ಪರದೆಯಾಗಿ ನಮ್ಮ ಕಣ್ಣಿಗೇ ಮರಳುತ್ತದೆ.

ನಾನು ಮೊದಲು ಹೋದದ್ದು ಗ್ಯಾರೇಜಿಗೆ. ಹೊದಿಕೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೆಚ್ಚು ವಾಟಿನ ಬಲ್ಬ್ ಹಾಕಿಸಿ ಎಂಬ ಸಲಹೆ ತಕ್ಷಣ ಬಂತು. ಇದು ಇಂದು ಎಲ್ಲೆಡೆ ಸಿಗುವ ಸಲಹೆ, ಮತ್ತು ತಪ್ಪು ಸಲಹೆ. 60/55 ವಾಟಿನ ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ದೀಪಕ್ಕೆ 100/90 ವಾಟಿನದನ್ನು ಹಾಕಿದರೆ ವೈರು, ಹೋಲ್ಡರ್, ಒಳಗಿನ ಪ್ರತಿಫಲಕ ಎಲ್ಲವೂ ಅಗತ್ಯಕ್ಕಿಂತ ಹೆಚ್ಚು ಕಾಯುತ್ತವೆ. ಮಬ್ಬು ಹೊದಿಕೆಯ ಹಿಂದೆ ಬೆಳಕು ಹೆಚ್ಚಿಸಿದಷ್ಟೂ ಚದುರುವ ಬೆಳಕೂ ಹೆಚ್ಚುತ್ತದೆ. ನಮ್ಮ ರಸ್ತೆಗಳಲ್ಲಿ ಕಣ್ಣು ಕುಕ್ಕುವ ದೀಪಗಳ ಬಗ್ಗೆ ನಿಮ್ಮ ಈ ಅಂಕಣದಲ್ಲಿಯೇ ಎಷ್ಟೋ ಓದುಗರು ನೋವು ತೋಡಿಕೊಂಡಿದ್ದಾರೆ. ಅದರಲ್ಲಿ ಒಂದು ಪಾಲು ಹೀಗೆಯೇ ಹುಟ್ಟುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ ಈ ಮಾರ್ಚ್ ತಿಂಗಳ ಒಂದು ಭಾನುವಾರ ಮನೆಯಂಗಳದಲ್ಲಿ ನಾನೇ ಈ ಕೆಲಸ ಮಾಡಿದೆ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಸಿಗುವ ಉಜ್ಜುವ ಕಾಗದ 1000, 1500, 2000 ಮತ್ತು 3000ನೇ ನಂಬರಿನವು, ಒಂದು ಸಣ್ಣ ಡಬ್ಬಿ ರಬ್ಬಿಂಗ್ ಕಾಂಪೌಂಡ್, ಮಾಸ್ಕಿಂಗ್ ಟೇಪ್ ಮತ್ತು ಅತಿನೇರಳೆ ಕಿರಣ ತಡೆಯುವ ಹೆಡ್‌ಲೈಟ್ ಲೇಪ ಇಷ್ಟೇ ಸಾಮಗ್ರಿ. ದೀಪವನ್ನು ಶಾಂಪೂ ನೀರಿನಲ್ಲಿ ತೊಳೆದು, ಉಜ್ಜುವಾಗ ಬಾನೆಟ್ ಮತ್ತು ಬಂಪರಿನ ಬಣ್ಣ ಕೆರೆಯದಂತೆ ಸುತ್ತಲೂ ಟೇಪ್ ಅಂಟಿಸಿದೆ. ಕಾಗದವನ್ನೂ ದೀಪವನ್ನೂ ಸದಾ ಒದ್ದೆಯಾಗಿಟ್ಟುಕೊಂಡು 1000ರಿಂದ ಅಡ್ಡಡ್ಡಲಾಗಿ ಉಜ್ಜಿದಾಗ ಕೆಳಗಿಳಿದ ನೀರು ಅರಿಶಿನ ಕದಡಿದ ಹಾಗೆ ಹಳದಿಯಾಗಿತ್ತು. ಅದು ಸತ್ತುಹೋದ ಹಳೆಯ ಲೇಪ. ಹಳದಿ ನಿಂತು ನೀರು ಬೆಳ್ಳಗಾಗುವವರೆಗೂ ಮುಂದಿನ ನಂಬರಿಗೆ ಹೋಗಬಾರದು. 1500ರಲ್ಲಿ ಉದ್ದುದ್ದಕ್ಕೆ, 2000ರಲ್ಲಿ ಮತ್ತೆ ಅಡ್ಡಕ್ಕೆ ಹೀಗೆ ದಿಕ್ಕು ಬದಲಿಸುತ್ತ ಹೋದರೆ ಹಿಂದಿನ ಗೀರು ಉಳಿದಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಈ ಹಂತದಲ್ಲಿ ದೀಪ ಮೊದಲಿಗಿಂತಲೂ ಮಂಕಾಗಿ, ಉಜ್ಜಿದ ಸ್ಲೇಟಿನಂತೆ ಕಾಣುವುದರಿಂದ ಕೆಲಸ ಕೆಟ್ಟಿತೆಂದು ಗಾಬರಿಯಾಗುವುದು ಸಹಜ. ಒಂದು ಚೊಂಬು ನೀರು ಸುರಿದು ನೋಡಬೇಕು. ಒದ್ದೆಯಾದಾಗ ತಿಳಿಯಾಗಿ ಕಂಡರೆ ಕೆಲಸ ಸರಿಯಾಗಿಯೇ ನಡೆದಿದೆ. ಆಮೇಲೆ ಕಾಂಪೌಂಡಿನಿಂದ ಹೊಳಪು ಬರಿಸಿದೆ. ಎರಡೂ ದೀಪಗಳಿಗೆ ಸೇರಿ ಮೂರು ಗಂಟೆ ಹಿಡಿಯಿತು.

ಟೂತ್‌ಪೇಸ್ಟ್ ಉಜ್ಜಿದರೆ ಸಾಕು ಎಂಬ ವಿಡಿಯೊಗಳು ಎಲ್ಲರ ಮೊಬೈಲಿಗೂ ಬರುತ್ತವೆ. ಪೇಸ್ಟಿನಲ್ಲಿಯೂ ನಯವಾದ ಉಜ್ಜುವ ಪುಡಿ ಇರುವುದರಿಂದ ಮೇಲಿನ ಮಬ್ಬು ಹೋಗಿ ಹೊಳಪು ಬರುವುದು ನಿಜ, ಆದರೆ ರಕ್ಷಣೆಯಿಲ್ಲದ ಪ್ಲಾಸ್ಟಿಕ್ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಸೊಳ್ಳೆ ನಿವಾರಕ ದ್ರವವಾಗಲಿ, ಪೆಟ್ರೋಲ್ ಅಥವಾ ತಿನ್ನರ್ ಆಗಲಿ ಇನ್ನೂ ಕೆಟ್ಟವು. ಅವು ಪ್ಲಾಸ್ಟಿಕ್ಕನ್ನೇ ತಿಂದು, ಕೂದಲೆಳೆಯ ಬಿರುಕು ಮೂಡಿಸುತ್ತವೆ. ಆದ್ದರಿಂದ ಉಜ್ಜಿದ ದಿನವೇ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಲೇಪ ಹಚ್ಚಲೇಬೇಕು. ಈ ಒಂದು ಹೆಜ್ಜೆಯನ್ನು ಬಿಟ್ಟರೆ ಮಾಡಿದ ಅಷ್ಟೂ ಕೆಲಸ ನೀರಿನಲ್ಲಿ ಹೋಮ. ಎರಡು ದ್ರವ ಬೆರೆಸಿ ಸಿಂಪಡಿಸುವ ಕ್ಲಿಯರ್ ಕೋಟಿನ ಆವಿ ಶ್ವಾಸಕೋಶಕ್ಕೆ ಅಪಾಯಕಾರಿಯಾದುದರಿಂದ ಅದನ್ನು ಪೇಂಟರಿಗೇ ಬಿಡುವುದು ಮೇಲು. ಬಟ್ಟೆಯಲ್ಲಿ ಸವರುವ ಲೇಪ ಮನೆಗೆ ಸಾಕು. ಮಬ್ಬು ಹೊದಿಕೆಯ ಒಳಗಡೆಗೇ ಇದ್ದರೆ ಈ ಯಾವ ಉಪಾಯವೂ ನಡೆಯದು.

ಅಂದು ರಾತ್ರಿ ಕಾಫಿ ಕಣದ ಗೋಡೆಗೆ ಮುಖ ಮಾಡಿ ದೀಪ ಹಾಕಿದೆ. ಡಿಮ್ ಬೆಳಕಿನ ಮೇಲಂಚು ಗೆರೆ ಎಳೆದಂತೆ ಮೂಡಿ, ಎಡಬದಿಯಲ್ಲಿ, ಅಂದರೆ ರಸ್ತೆಯಂಚಿನಲ್ಲಿ ನಡೆಯುವವರ ಕಡೆಗೆ, ತುಸು ಮೇಲಕ್ಕೇರಿತ್ತು. ಮೊದಲು ಅದೇ ಗೋಡೆಯ ಮೇಲೆ ಅಂಚೇ ಇಲ್ಲದ ಹಳದಿ ಮಬ್ಬು ಮಾತ್ರ ಬೀಳುತ್ತಿತ್ತು.

ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ಅದರ ದೀಪಗಳನ್ನು ಸರ್ಕಾರದ ಪರವಾಗಿ ಯಾರೂ ನೋಡುವುದಿಲ್ಲ. ಆದರೆ ಹೊದಿಕೆ ಹಾಳಾಗಲು ಅಷ್ಟು ವರ್ಷ ಬೇಡ. ಇದೇ ಕಾರು ವರ್ಷಕ್ಕೊಮ್ಮೆ, ಹಳೆಯದಾದರೆ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಗೆ ಹೋಗಿಯೇ ಹೋಗುತ್ತದೆ. ಅಲ್ಲಿನ ಸಿಬ್ಬಂದಿ ದೀಪದ ಹೊದಿಕೆಯನ್ನೂ ಒಮ್ಮೆ ನೋಡಿ, ಮಬ್ಬಾಗಿದ್ದರೆ ಮಾಲೀಕರಿಗೆ ತಿಳಿಸುವ ವ್ಯವಸ್ಥೆಯನ್ನು ಸಾರಿಗೆ ಇಲಾಖೆ ಮಾಡಬೇಕು. ದಂಡ ಹಾಕುವುದು ಬೇಡ, ಹೇಳಿದರೆ ಸಾಕು. ನನಗೆ ಹನ್ನೊಂದು ವರ್ಷಗಳಲ್ಲಿ ಒಬ್ಬರೂ ಹೇಳಿರಲಿಲ್ಲ. ಲೇಪ ಒಣಗಲು ಬಿಸಿಲು ಬೇಕಾದ್ದರಿಂದ, ಮುಂಗಾರು ಹಿಡಿಯುವ ಮುನ್ನವೇ ಈ ಪತ್ರವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಮೂಡಿಗೆರೆ ತಾಲ್ಲೂಕು