ಗೋಕುವಿನ ಹಳೇ ಆಟಗಳು ಮತ್ತೆ ಮಾರಾಟಕ್ಕೆ ಬರಲಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಅನಿಮೆ (ಜಪಾನಿ ಕಾರ್ಟೂನ್) ಆಧಾರಿತ ವಿಡಿಯೊ ಗೇಮ್‌ಗಳ ಬಗ್ಗೆ ಬಂದ ಬರಹ ಓದಿದೆ. ಹೊಸ ಆಟಗಳ ಬಗ್ಗೆ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಹಳೇ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಯಂತ್ರದ) ಆಟಗಳನ್ನೆಲ್ಲ ‘ಕಾರ್ಟೂನ್ ಹೆಸರಲ್ಲಿ ಬಿಕರಿಯಾದ ಸರಕು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದು ನನಗೆ ಬೇಸರ ತಂದಿತು. ಅಂಥ ಆಟಗಳು ಇದ್ದವು, ಇಲ್ಲ ಅನ್ನಲ್ಲ. ‘ಡ್ರಾಗನ್ ಬಾಲ್ ಝಡ್: ದಿ ಲೆಗಸಿ ಆಫ್ ಗೋಕು 2’ ಮಾತ್ರ ಆ ಸಾಲಿಗೆ ಸೇರುವುದಲ್ಲ. ಗೋಕು ಎಂಬ ವೀರನ ಕಥೆ ಹೇಳುವ ‘ಡ್ರಾಗನ್ ಬಾಲ್ ಝಡ್’ ಎಂಬ ಅನಿಮೆ ಸರಣಿ ಆಧರಿಸಿದ ಆಟ ಇದು. ನಾನು ಮಕ್ಕಳಿಗೆ ಚಿತ್ರಕಲೆ ಕಲಿಸುವವಳು. ಈ ಆಟವನ್ನು ಇವತ್ತಿಗೂ ಆಡುತ್ತೇನೆ.

ಮೊದಲು ಇದರ ಹಿಂದಿನ ಆಟದ ಬಗ್ಗೆ ಹೇಳಬೇಕು. ‘ಲೆಗಸಿ ಆಫ್ ಗೋಕು’ ಬಂದಿದ್ದು 2002ರಲ್ಲಿ, ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅಡ್ವಾನ್ಸ್ ಎಂಬ ಹ್ಯಾಂಡ್‌ಹೆಲ್ಡ್ ಯಂತ್ರಕ್ಕೆ. ಮಾಡಿದ್ದು ವೆಬ್‌ಫೂಟ್ ಟೆಕ್ನಾಲಜೀಸ್ ಎಂಬ ಅಮೆರಿಕದ ಕಂಪನಿ. ಅದು ಅಷ್ಟೇನೂ ಚೆನ್ನಾಗಿರಲಿಲ್ಲ. ಭೂಮಿಯನ್ನೇ ಕಾಪಾಡಬೇಕಾದ ಗೋಕು ಶುರುವಿನಲ್ಲೇ ತೋಳ, ಹಾವುಗಳ ಕೈಯಲ್ಲಿ ಸಾಯುತ್ತಿದ್ದ. ಸರಣಿ ನೋಡಿದವರಿಗೆ ಇದನ್ನು ಹೇಗೆ ಒಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಬೈಗುಳ ಬಿದ್ದವು. ಬೀಳಬೇಕಾದದ್ದೇ.

ಮರುವರ್ಷ, 2003ರಲ್ಲಿ, ಅದೇ ಕಂಪನಿ ಎರಡನೇ ಭಾಗ ತಂತು. ಎಲ್ಲಿ ಎಡವಿದ್ದೆವು ಅನ್ನೋದನ್ನು ಒಂದೊಂದಾಗಿ ಕೂತು ನೋಡಿದ್ದಾರೆ ಅಂತ ಆಡಿದ ಕೂಡಲೇ ಗೊತ್ತಾಗುತ್ತದೆ. ಗೋಕು ಒಬ್ಬನೇ ಅಲ್ಲ, ಗೋಹಾನ್, ಪಿಕೊಲೊ, ವೆಜೀಟಾ, ಟ್ರಂಕ್ಸ್ ಎಲ್ಲರನ್ನೂ ಆಡಬಹುದು. ಹೊಡೆದ ಏಟಿಗೆ ತೂಕ ಬಂತು. ಕಥೆ ಆಂಡ್ರಾಯ್ಡ್‌ಗಳೆಂಬ ಕೃತಕ ಮಾನವರಿಂದ ಹಿಡಿದು ಸೆಲ್ ಎಂಬ ಖಳನ ಜೊತೆಗಿನ ಕೊನೇ ಕಾಳಗದವರೆಗೆ ಸಾಗುತ್ತದೆ.

ನನಗೆ ಬಹಳ ಹಿಡಿಸಿದ್ದು ಆಟದ ದಾರಿಗಳಲ್ಲಿ ಅಲ್ಲಲ್ಲಿ ಸಿಗುವ ತಡೆಗಳು. ಒಂದೊಂದರ ಮೇಲೂ ಒಂದು ಪಾತ್ರದ ಗುರುತು, ಒಂದು ಸಂಖ್ಯೆ. ಆ ಪಾತ್ರ ಅಷ್ಟು ಲೆವೆಲ್ (ಆಡುತ್ತಾ ಗಳಿಸುವ ಬಲದ ಮಟ್ಟ) ಮುಟ್ಟಿದ್ದರೆ ಮಾತ್ರ ತಡೆ ಒಡೆಯುತ್ತದೆ. ಪ್ರತಿಯೊಬ್ಬರ ಲೆವೆಲ್ ಬೇರೆ ಬೇರೆ. ನನಗೆ ಗೋಹಾನ್ ಇಷ್ಟ ಅಂತ ಅವನನ್ನೇ ಬೆಳೆಸುತ್ತಾ ಹೋದರೆ ಪಿಕೊಲೊನ ತಡೆ ಮುಂದೆ ಸುಮ್ನೆ ನಿಲ್ಲಬೇಕಾಗುತ್ತದೆ. ಆಗ ಪಿಕೊಲೊನನ್ನು ಕರೆದುಕೊಂಡು ಹೋಗಿ ಪಳಗಿಸಲೇಬೇಕು. ಕತೆಯಲ್ಲೂ ಅಷ್ಟೇ ಅಲ್ವಾ? ಇವರೆಲ್ಲ ಸೆಲ್ ಎದುರಿಗೆ ನಿಲ್ಲುವ ಮೊದಲು ಬೆವರು ಹರಿಸಿ ತಯಾರಾದವರು. ಸರಣಿಯಲ್ಲಿ ಕಂತುಗಟ್ಟಲೆ ನಡೆಯುವ ಆ ತಯಾರಿಯನ್ನು ಈ ಆಟ ನಮ್ಮ ಕೈಯಿಂದಲೇ ಮಾಡಿಸುತ್ತದೆ. ಪಾತ್ರ ‘ಸೂಪರ್ ಸಾಯಾನ್’ ಎಂಬ ಹೆಚ್ಚು ಬಲದ ರೂಪ ತಾಳಿದಾಗಲೂ ಹಾಗೇ. ಬಲವೇನೋ ಏರುತ್ತದೆ, ಆದರೆ ಎನರ್ಜಿ ಒಂದೇ ಸಮ ಇಳಿಯುತ್ತಾ ಹೋಗುತ್ತದೆ. ಯಾವಾಗ ರೂಪ ಬದಲಿಸಬೇಕು, ಯಾವಾಗ ಸಾಕು ಅನ್ನೋದು ಆಡುವವರ ಲೆಕ್ಕಾಚಾರ. ಇದು ಬರೀ ಹೆಸರು ಹಚ್ಚಿ ಮಾಡಿದ ಕೆಲಸ ಅಲ್ಲ. ಸರಣಿಯನ್ನು ಪ್ರೀತಿಯಿಂದ ನೋಡಿದವರ ಕೆಲಸ.

ಚಿತ್ರ ಬಿಡಿಸುವವಳಾಗಿ ಇನ್ನೊಂದು ಮಾತು. ಗೇಮ್ ಬಾಯ್ ಅಡ್ವಾನ್ಸ್‌ನ ಪರದೆ ಬರೀ 240×160 ಪಿಕ್ಸೆಲ್. ಮೊದಲು ಬಂದ ಮಾದರಿಯಲ್ಲಿ ಪರದೆಗೆ ಬೆಳಕೇ ಇರಲಿಲ್ಲ, ದೀಪದ ಕೆಳಗೆ ಓರೆಯಾಗಿ ಹಿಡಿದು ಆಡಬೇಕಿತ್ತು. ಅಷ್ಟು ಚಿಕ್ಕ ಜಾಗದಲ್ಲಿ ಪಾತ್ರಗಳು ಮೇಲಿಂದ ನೋಡಿದ ಹಾಗೆ, ಬೆರಳಿನ ಉಗುರಿನಷ್ಟು ಕಾಣುತ್ತವೆ. ಆದರೂ ವೆಜೀಟಾನ ನೆಟ್ಟಗೆ ನಿಂತ ಕೂದಲು, ಪಿಕೊಲೊನ ಹಸಿರು ಮುಖ, ಟ್ರಂಕ್ಸ್‌ನ ನೇರಳೆ ಕೂದಲು ನೋಡಿದ ಕ್ಷಣಕ್ಕೇ ಯಾರೆಂದು ಗೊತ್ತಾಗುತ್ತದೆ. ಇದರಲ್ಲಿ ಡ್ರಾಗನ್ ಬಾಲ್ ಸೃಷ್ಟಿಸಿದ ಚಿತ್ರಕಾರ ಅಕಿರಾ ಟೋರಿಯಾಮಾ ಅವರ ಪಾಲು ದೊಡ್ಡದು. ನೆರಳು ನೋಡಿಯೇ ಗುರುತಿಸಬಹುದಾದಂಥ ಪಾತ್ರಗಳನ್ನು ಬರೆದವರು ಅವರು. ಆ ಗೆರೆಯನ್ನು ಕೆಡಿಸದೆ ಕೆಲವೇ ಚುಕ್ಕೆಗಳಿಗೆ ಇಳಿಸಿದ ಕಲಾವಿದರ ಪಾಲೂ ಸಣ್ಣದಲ್ಲ. ಇರುವಷ್ಟೇ ಜಾಗದಲ್ಲಿ ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು ಅಂತ ಮಕ್ಕಳಿಗೆ ಹೇಳಿಕೊಡುವಾಗ ನಾನು ಇದನ್ನೇ ತೋರಿಸುತ್ತೇನೆ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಹೀಗೆ ತೋರಿಸಿದ ಮೇಲೆ ಮಕ್ಕಳು ಕೇಳುವುದು ಒಂದೇ: ‘ಮಿಸ್, ಇದು ಎಲ್ಲಿ ಸಿಗುತ್ತೆ?’ ನನ್ನ ಹತ್ತಿರ ಉತ್ತರ ಇಲ್ಲ. ಈ ಆಟ ಇವತ್ತು ಹೊಸದಾಗಿ ಎಲ್ಲೂ ಮಾರಾಟಕ್ಕಿಲ್ಲ. 2004ರಲ್ಲಿ ಬಂದ ಮುಂದಿನ ಭಾಗ ‘ಬೂಸ್ ಫ್ಯೂರಿ’ಯ ಗತಿಯೂ ಅದೇ. ಕಾರಣ ಲೈಸೆನ್ಸ್, ಅಂದರೆ ಆ ಪಾತ್ರಗಳನ್ನು ಬಳಸುವ ಅನುಮತಿ. ಆಟ ಮಾಡಿದವರು ಒಬ್ಬರು, ಹೊರತಂದ ಅಟಾರಿ ಕಂಪನಿಯವರು ಇನ್ನೊಬ್ಬರು, ಸರಣಿಯ ಮೂಲ ಹಕ್ಕು ಜಪಾನಿನಲ್ಲಿ. ಡ್ರಾಗನ್ ಬಾಲ್ ಆಟಗಳ ಲೈಸೆನ್ಸ್ ಆಮೇಲೆ ಅಟಾರಿಯ ಕೈತಪ್ಪಿ ಈಗಿನ ಬಂದಾಯ್ ನಾಮ್ಕೊ ಎಂಬ ಜಪಾನಿ ಕಂಪನಿಯ ಕೈಗೆ ಹೋಯಿತು. ಹಳೇ ಒಪ್ಪಂದ ಮುಗಿದ ಆಟ ಯಾರಿಗೂ ಬೇಡದ ಕೂಸಾಯಿತು. ಅದೇ ಗೋಕುವಿನ ಕಥೆ ಹೇಳುವ, 2020ರಲ್ಲಿ ಬಂದ ‘ಡ್ರಾಗನ್ ಬಾಲ್ ಝಡ್: ಕಾಕರಾಟ್’ ಎಂಬ ಆ್ಯಕ್ಷನ್ ಆರ್‌ಪಿಜಿ (ಹೊಡೆದಾಡುತ್ತಾ ಪಾತ್ರವನ್ನು ಬೆಳೆಸುವ ಆಟ) ಆರಾಮಾಗಿ ಸಿಗುತ್ತದೆ. ಅದೇ ದಾರಿಯಲ್ಲಿ ಅಷ್ಟು ಮೊದಲೇ ನಡೆದ ಆಟ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ (ಆಟ ತುಂಬಿದ, ಯಂತ್ರಕ್ಕೆ ಸಿಕ್ಕಿಸುವ ಬಿಲ್ಲೆ) ಕೊಳ್ಳಿ ಅನ್ನಬಹುದು. ಅಲ್ಲಿ ನಕಲಿಗಳ ಕಾಟ ಜಾಸ್ತಿ. ನನಗೂ ಒಂದು ನಕಲಿ ಬಂತು. ಲೇಬಲ್ ಥೇಟ್ ಅಸಲಿಯ ಹಾಗೇ ಇತ್ತು. ಗಂಟೆಗಟ್ಟಲೆ ಆಡಿ ಸೇವ್ ಮಾಡಿ ಇಟ್ಟರೆ, ಮಾರನೇ ದಿನ ಸೇವ್ ಮಾಯ. ಅಸಲಿಯಾದರೆ ಕಾರ್ಟ್ರಿಜ್‌ನ ಕೆಳಗಿನ ಸೀಳಿನಲ್ಲಿ ಇಣುಕಿದಾಗ, ಚಿನ್ನದ ಬಣ್ಣದ ಪಿನ್‌ಗಳ ಮೇಲೆ ಸರ್ಕ್ಯೂಟ್ ಬೋರ್ಡಿನಲ್ಲಿ ನಿಂಟೆಂಡೊ ಹೆಸರು ಕಾಣಬೇಕು. ಕೊಳ್ಳುವವರು ಇದನ್ನು ನೋಡಿಕೊಳ್ಳಲಿ. ಮಾರುವವರು ಕಳಿಸುವ ಫೋಟೊದಲ್ಲಿ ಈ ಭಾಗವನ್ನೂ ಕೇಳಿ ಪಡೆಯಿರಿ. ಇನ್ನು ಅಸಲಿಯೇ ಸಿಕ್ಕರೂ ಆ ಹಣದಲ್ಲಿ ಒಂದು ಪೈಸೆಯೂ ಆಟ ಮಾಡಿದವರಿಗೆ ಹೋಗುವುದಿಲ್ಲ.

ಇದು ಒಂದು ಆಟದ ಪಾಡಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕಿಂತ ಮೊದಲು ಅಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ. ಗ್ರಂಥಾಲಯಗಳು ಇಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಆಡಲು ಕೊಡಬಹುದೇ ಎಂದು ಕೇಳಿದ್ದಕ್ಕೆ ಅಲ್ಲಿನ ಕಾಪಿರೈಟ್ ಕಚೇರಿ 2024ರಲ್ಲಿ ಒಪ್ಪಲಿಲ್ಲ. ಅಂಗಡಿಯಲ್ಲೂ ಇಲ್ಲ, ಗ್ರಂಥಾಲಯದಿಂದಲೂ ಇಲ್ಲ ಅಂದರೆ ಜನ ಎಲ್ಲಿಗೆ ಹೋಗಬೇಕು?

ಲೈಸೆನ್ಸ್ ಗಂಟು ಬಿಡಿಸಲು ಆಗಲ್ಲ ಅನ್ನುವವರಿಗೆ ಕೊನಾಮಿ ಕಂಪನಿಯನ್ನು ತೋರಿಸುತ್ತೇನೆ. 2022ರಲ್ಲಿ ಅದು ನಿಂಜಾ ಟರ್ಟಲ್ಸ್‌ನ 13 ಹಳೇ ಆಟಗಳನ್ನು ಒಂದೇ ಕಟ್ಟಿನಲ್ಲಿ ಹೊರತಂತು. ಅವೂ ಟಿವಿ ಕಾರ್ಟೂನ್‌ನಿಂದ ಹೆಸರಾದ ಪಾತ್ರಗಳೇ, ಹಕ್ಕು ಬೇರೆಯವರದೇ. ಆ ಕಟ್ಟಿನಲ್ಲಿ ಗೇಮ್ ಬಾಯ್ ಆಟಗಳೂ ಇವೆ. ಕೂತು ಮಾತಾಡಿದರೆ ಆಗುತ್ತದೆ. ಬಂದಾಯ್ ನಾಮ್ಕೊ ಕೂಡ ಗೋಕುವಿನ ಈ ಮೂರು ಆಟಗಳನ್ನು ಹಾಗೆಯೇ ತರಲಿ. ಹೊಸ ಬಣ್ಣ ಬಳಿಯುವುದು ಬೇಡ, ಇದ್ದದ್ದು ಇದ್ದ ಹಾಗೆ ಸಾಕು.

ನಿಮ್ಮಲ್ಲೂ ಒಂದು ಕೋರಿಕೆ. ಹಳೇ ಸಿನಿಮಾ ಬಗ್ಗೆ ಬರೆಯುವಾಗ ಅದು ಈಗ ಎಲ್ಲಿ ನೋಡಲು ಸಿಗುತ್ತದೆ ಅಂತಲೂ ಹಾಕುತ್ತೀರಿ. ಆಟಗಳಿಗೂ ಹಾಗೇ ಹಾಕಿ. ಎಲ್ಲೂ ಸಿಗದಿದ್ದರೆ ‘ಎಲ್ಲೂ ಸಿಗುವುದಿಲ್ಲ, ಹಕ್ಕು ಇಂಥವರ ಬಳಿ ಇದೆ’ ಎಂದೇ ಅಚ್ಚು ಮಾಡಿ.

ಇಂತಿ,
ನಿಮ್ಮ ಓದುಗಿ, ಒಬ್ಬ ಚಿತ್ರಕಲಾ ಶಿಕ್ಷಕಿ