ಪಿನ್‌ಬಾಲ್ ಯಂತ್ರವೊಂದು ನಮ್ಮ ಮ್ಯೂಸಿಯಂಗೂ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಬೆಂಗಳೂರಿನ ದೂರವಾಣಿನಗರದವಳು. ಅಲ್ಲಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಅದರಲ್ಲಿ ಜಾಸ್ತಿ ವರ್ಷ ಕಳೆದದ್ದು ಕಾಯಿಲ್, ಅಂದರೆ ತಾಮ್ರದ ತಂತಿಯ ಸುರುಳಿ, ಸುತ್ತುವ ವಿಭಾಗದಲ್ಲಿ. ಈಗ ಎರಡು ತಿಂಗಳಿಂದ ಅಮೆರಿಕದ ಷಿಕಾಗೊ ಪಕ್ಕದ ಶಾಂಬರ್ಗ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ನಿಮ್ಮ ಪತ್ರಿಕೆಯನ್ನು ಇಲ್ಲೂ ಬೆಳಿಗ್ಗೆ ಕಾಫಿ ಜೊತೆ ಮೊಬೈಲಿನಲ್ಲಿ ಓದುತ್ತೇನೆ. ಮೊಬೈಲ್ ಗೇಮ್‌ಗಳ ಬಗ್ಗೆ ನೀವು ಆಗಾಗ ಬರೆಯುತ್ತೀರಿ. ಕೈಯಲ್ಲಿ ಮುಟ್ಟಿ ಆಡುವ ಯಂತ್ರದ ಆಟದ ಬಗ್ಗೆಯೂ ಒಂದು ಸಲ ಬರೆಯಬಾರದೇ ಅಂತ ಕೇಳಲು ಈ ಪತ್ರ.

ಹೋದ ಶನಿವಾರ ಹೊರಗೆ ಮೊಣಕಾಲುದ್ದ ಹಿಮ. ಮೊಮ್ಮಗಳಿಗೆ ಮನೆಯಲ್ಲಿ ಕೂತು ಬೇಜಾರಾಗಿತ್ತು. ಅಳಿಯ ನಮ್ಮನ್ನೆಲ್ಲ ಆಟದ ಯಂತ್ರಗಳಿರುವ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಬಾಗಿಲ ಹತ್ತಿರವೇ ಹೊಸ ಪಿನ್‌ಬಾಲ್ ಯಂತ್ರ ನಿಂತಿತ್ತು. ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಟಿ.ವಿ. ಸರಣಿಯ ಮೇಲೆ ಮಾಡಿದ್ದು. 2019ರ ಡಿಸೆಂಬರ್‌ನಲ್ಲಿ ಹೊರಬಂದಿದೆ. ಮಾಡಿದವರು ಸ್ಟರ್ನ್ ಕಂಪನಿ. ಅವರ ಕಾರ್ಖಾನೆ ಇಲ್ಲೇ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿದೆ. ವಿನ್ಯಾಸ ಬ್ರಿಯಾನ್ ಎಡ್ಡಿ ಅವರದು. 1990ರ ದಶಕದಲ್ಲಿ ‘ಅಟ್ಯಾಕ್ ಫ್ರಮ್ ಮಾರ್ಸ್’, ‘ಮೆಡೀವಲ್ ಮ್ಯಾಡ್‌ನೆಸ್’ ಎಂಬ ಹೆಸರಾದ ಯಂತ್ರಗಳನ್ನು ಮಾಡಿದವರು ಇವರೇ.

ಪಿನ್‌ಬಾಲ್ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಮೊಳೆ ಹೊಡೆದ ಹಲಗೆಯ ಮೇಲೆ ಸ್ಪ್ರಿಂಗ್ ಎಳೆದು ಗೋಲಿ ಬಿಡುತ್ತಿದ್ದೆವಲ್ಲ, ಇದೂ ಅದೇ ವಂಶದ್ದು. ಅಲ್ಲಿ ಗೋಲಿ ಬಿಟ್ಟ ಮೇಲೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಇಲ್ಲಿ ಗಾಜಿನ ಕೆಳಗೆ ನಮ್ಮ ಕಡೆಗೆ ಇಳಿಜಾರಾದ ಹಲಗೆ. ಅದರ ಮೇಲೆ 80 ಗ್ರಾಂ ತೂಕದ ಉಕ್ಕಿನ ಗುಂಡು ಓಡುತ್ತದೆ. ಕೆಳತುದಿಯಲ್ಲಿ ಫ್ಲಿಪ್ಪರ್ ಎಂಬ ಎರಡು ಪುಟ್ಟ ರೆಕ್ಕೆಗಳು. ಪೆಟ್ಟಿಗೆಯ ಪಕ್ಕದ ಗುಂಡಿ ಒತ್ತಿದರೆ ಫಟ್ಟನೆ ಮೇಲೇಳುತ್ತವೆ. ಗುಂಡು ಅವುಗಳ ನಡುವೆ ಜಾರಿ ಬೀಳದಂತೆ ಹೊಡೆಯುತ್ತಾ ಇರಬೇಕು. ಈ ರೆಕ್ಕೆಗಳು ಮೊದಲು ಬಂದದ್ದು 1947ರಲ್ಲಿ, ಇದೇ ಷಿಕಾಗೊದ ಗಾಟ್‌ಲೀಬ್ ಕಂಪನಿಯ ಯಂತ್ರದಲ್ಲಿ.

ಸರಣಿಯ ಮೊದಲ ಎಂಟು ಕಂತುಗಳನ್ನು ಮಗಳು ನನಗೆ ತೋರಿಸಿದ್ದಳು. 1983ರ ಕಥೆ. ಇಂಡಿಯಾನಾ ರಾಜ್ಯದ ಒಂದು ಕಾಲ್ಪನಿಕ ಊರು. ಒಬ್ಬ ಹುಡುಗ ಕಾಣೆಯಾಗುತ್ತಾನೆ. ನಮ್ಮ ಲೋಕದ ಅಡಿಯಲ್ಲೇ ಇನ್ನೊಂದು ತಲೆಕೆಳಗಾದ ಲೋಕ, ಅಲ್ಲೊಂದು ಕಣ್ಣು ಮೂಗಿಲ್ಲದೆ ಬರೀ ಬಾಯಿರುವ ರಕ್ಕಸ. ಇಲೆವೆನ್ ಎಂಬ ಹುಡುಗಿ ಮನಸ್ಸಿನ ಬಲದಿಂದಲೇ ವಸ್ತುಗಳನ್ನು ಎತ್ತಿ ಹಿಡಿಯಬಲ್ಲಳು. ಕಾಣೆಯಾದ ಹುಡುಗನ ತಾಯಿಯ ಮನೆಯ ಗೋಡೆ ಫೋನು ಸುಟ್ಟು ಹೋಗುವ ದೃಶ್ಯ ಬಂದಾಗ ನಾನು ಸೋಫಾದಲ್ಲಿ ನೆಟ್ಟಗೆ ಕೂತೆ. ಆ 1983ರಲ್ಲಿ ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನ ರಿಲೇಗಳಿಗೆ (ಕರೆಂಟಿನಿಂದ ನಡೆಯುವ ಸ್ವಿಚ್ಚುಗಳಿಗೆ) ಕಾಯಿಲ್ ಸುತ್ತುತ್ತಿದ್ದೆ.

ಜನಪ್ರಿಯ ಸರಣಿಯ ಚಿತ್ರ ಅಂಟಿಸಿ ಏನನ್ನಾದರೂ ಮಾರುತ್ತಾರೆ. ಟಿಫನ್ ಬಾಕ್ಸು, ಸ್ಕೂಲ್ ಬ್ಯಾಗು, ನೀರಿನ ಬಾಟ್ಲಿ. ಇದೂ ಅಂಥದ್ದೇ ಇರಬೇಕು ಅಂದುಕೊಂಡು ಗುಂಡಿ ಒತ್ತಿದೆ. ಮೊದಲ ಎರಡು ಗುಂಡು ಅರ್ಧ ನಿಮಿಷವೂ ನಿಲ್ಲಲಿಲ್ಲ. ಮೂರನೆಯದು ಹೇಗೋ ರ‍್ಯಾಂಪ್ ಏರಿತು. ಏರಿದ್ದು ಕೆಳಗೆ ಬರಲೇ ಇಲ್ಲ. ಬಗ್ಗಿ ನೋಡಿದರೆ, ಗುಂಡು ಗಾಳಿಯಲ್ಲಿ ನಿಂತಿದೆ! ಕೆಳಗೆ ತಟ್ಟೆಯಿಲ್ಲ, ಕೊಕ್ಕೆಯಿಲ್ಲ. ಮೊಮ್ಮಗಳು “ಅಜ್ಜಿ, ಇಲೆವೆನ್ ಹಿಡ್ಕೊಂಡಿದ್ದಾಳೆ!” ಅಂತ ಕೂಗಿದಳು. ಮೇಲೆ ವಿದ್ಯುತ್ಕಾಂತ, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ಕಾಯಿಲ್, ಇದೆ ಅಂತ ನನಗೆ ಗೊತ್ತು. ಆದರೂ ಮೈ ಜುಮ್ ಅಂದಿತು. ಸ್ವಲ್ಪ ಹೊತ್ತಿಗೆ ಕರೆಂಟ್ ಬಿಟ್ಟಿತು, ಗುಂಡು ದಡಕ್ಕನೆ ಬಿತ್ತು, ಆಟ ಮುಂದುವರಿಯಿತು.

ನನಗೆ ಈ ಯಂತ್ರದಲ್ಲಿ ಹಿಡಿಸಿದ್ದು ಇದೇ. ಆ ಹುಡುಗಿಯ ಶಕ್ತಿಯನ್ನು ಬರೀ ಚಿತ್ರದಲ್ಲಿ ತೋರಿಸಿ ಬಿಟ್ಟಿಲ್ಲ. ತಾಮ್ರದ ತಂತಿಯಲ್ಲಿ ಮಾಡಿ ತೋರಿಸಿದ್ದಾರೆ. ರಕ್ಕಸನೂ ಅಷ್ಟೆ. ಸುಮ್ನೆ ನಿಂತ ಗೊಂಬೆಯಲ್ಲ. ಅವನ ಬಾಯಿಗೇ ಗುರಿಯಿಟ್ಟು ಗುಂಡು ಹೊಡೆಯಬೇಕು. ಅವನ ಸುತ್ತಮುತ್ತ ಒಂದು ಪುಟ್ಟ ಪ್ರೊಜೆಕ್ಟರ್‌ನಿಂದ ಚಲಿಸುವ ಚಿತ್ರ ಬೀಳುತ್ತದೆ. ಪಿನ್‌ಬಾಲ್‌ನಲ್ಲಿ ಹೀಗೆ ಪ್ರೊಜೆಕ್ಟರ್ ಬಳಸಿದ್ದು ಇದೇ ಮೊದಲಂತೆ. ಈ ಯಂತ್ರದಲ್ಲಿ ಮೂರು ಬಗೆಗಳಿವೆ. ನಾವು ಆಡಿದ್ದು ಪ್ರೀಮಿಯಂ. ಕಡಿಮೆ ಬೆಲೆಯ ಪ್ರೊ ಮಾದರಿಯಲ್ಲಿ ಈ ಕಾಂತವೂ ಇಲ್ಲ, ಪ್ರೊಜೆಕ್ಟರೂ ಇಲ್ಲ. ಹಾಗಾಗಿ ಆಡುವವರು ಪ್ರೀಮಿಯಂ ಹುಡುಕಿ ಆಡಬೇಕು ಅನ್ನುತ್ತೇನೆ. ಬಾಗಿಲ ಬೆಳಕಿಗೆ ಪ್ರೊಜೆಕ್ಟರ್ ಚಿತ್ರ ಮಂಕಾಗಿ ಕಾಣುತ್ತಿತ್ತು. ಕತ್ತಲ ಮೂಲೆಯಲ್ಲಿ ಇಟ್ಟರೆ ಚೆನ್ನ. ಸದ್ದು ನನ್ನ ಕಿವಿಗೆ ಜಾಸ್ತಿಯಾಯಿತು. ಹಲಗೆ ಮೇಲಿನ ಅಕ್ಷರಗಳು ತೀರಾ ಸಣ್ಣವು. ಮುಂದೇನು ಹೊಡೆಯಬೇಕು ಅಂತ ಮೊಮ್ಮಗಳೇ ಓದಿ ಹೇಳಬೇಕಾಯಿತು.

ಆಮೇಲೆ ನಡೆದದ್ದನ್ನು ಹೇಳದೆ ಇರಲಾರೆ. ಪಕ್ಕದ ಸಾಲಿನಲ್ಲಿ ಹಳೆಯ ಪಿನ್‌ಬಾಲ್ ಒಂದರ ಹಲಗೆಯನ್ನು ಕಾರಿನ ಬಾನೆಟ್ ಥರ ಎತ್ತಿ ನಿಲ್ಲಿಸಿ ಅಂಗಡಿಯ ಹುಡುಗ ಬೆಸುಗೆ ಹಾಕುತ್ತಿದ್ದ. ಆ ಬೆಸುಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿಗೆ ಹೋಗಿ ನಿಂತೆ. ಹಲಗೆಯ ಅಡಿಯಲ್ಲಿ ಸಾಲು ಸಾಲು ಕಾಯಿಲ್. ಒಂದರ ಮೇಲೆ ಸುತ್ತಿದ ಕಾಗದದಲ್ಲಿ ‘26-1200’ ಅಂತ ಅಚ್ಚಾಗಿತ್ತು. “26 ಗೇಜ್ ತಂತಿ, 1200 ಸುತ್ತು ಅಲ್ವಾ?” ಅಂತ ಮಗಳ ಕೈಲಿ ಕೇಳಿಸಿದೆ. ಹುಡುಗ ಬೆಸುಗೆ ಕಡ್ಡಿ ಕೆಳಗಿಟ್ಟು ನನ್ನನ್ನೇ ನೋಡಿದ. ತಂತಿಯ ದಪ್ಪ ಹೇಳುವ ಗೇಜ್ ಲೆಕ್ಕ ಅಮೆರಿಕದ್ದು ಬೇರೆ, ನಾವು ಕಲಿತದ್ದು ಬೇರೆ. ಆದರೆ ಸುತ್ತಿನ ಲೆಕ್ಕ ಎಲ್ಲ ಕಡೆಯೂ ಒಂದೇ.

ಹಳೆಯ ಯಂತ್ರದ ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಬಗೆಯ ತಂತಿ ಸುತ್ತಿರುತ್ತಾರೆ ಅಂತ ಅವನು ತೋರಿಸಿದ. ದಪ್ಪ ತಂತಿಯದು ಜೋರಾಗಿ ಒದೆಯಲು. ಸಣ್ಣ ತಂತಿಯದು ಎದ್ದ ರೆಕ್ಕೆಯನ್ನು ಬಿಸಿಯಾಗದಂತೆ ಹಿಡಿದಿಡಲು. ಆಮೇಲೆ ಹೊಸ ಯಂತ್ರದ ಬೀಗ ತೆಗೆದು ಅದರ ಹೊಟ್ಟೆಯನ್ನೂ ತೋರಿಸಿದ. ಅಲ್ಲಿ ಒಂದೇ ಬಗೆಯ ತಂತಿ. ರೆಕ್ಕೆ ಎದ್ದ ಮೇಲೆ ಕಂಪ್ಯೂಟರೇ ಕರೆಂಟನ್ನು ಚೂರು ಚೂರಾಗಿ ಕೊಟ್ಟು ಹಿಡಿದಿಡುತ್ತದೆ. ಕಾಯಿಲ್‌ಗಳಿಗೆ ಹೋಗುವುದು 48 ವೋಲ್ಟ್. ನಮ್ಮ ಎಕ್ಸ್‌ಚೇಂಜ್ ನಡೆಯುತ್ತಿದ್ದದ್ದೂ 50 ವೋಲ್ಟಿನ ಆಸುಪಾಸಿನಲ್ಲೇ. ಹೊಸದರಲ್ಲಿ ಎಷ್ಟೇ ಪ್ರೊಜೆಕ್ಟರ್ ಇರಲಿ, ಗುಂಡನ್ನು ಒದೆಯುವುದು ಇವತ್ತಿಗೂ ಕಬ್ಬಿಣದ ಸಲಾಕೆಯನ್ನು ಎಳೆಯುವ ತಾಮ್ರದ ಕಾಯಿಲೇ. ಅದನ್ನು ಕಣ್ಣಾರೆ ಕಂಡು ನನ್ನ ಗಂಟಲು ಕಟ್ಟಿತು.

ಇನ್ನೊಂದು ವಿಷಯ. ನಾವು ಐಟಿಐನಲ್ಲಿ ಮಾಡುತ್ತಿದ್ದ ಸ್ಟ್ರೌಜರ್ ಎಕ್ಸ್‌ಚೇಂಜ್, ಆಪರೇಟರ್ ಇಲ್ಲದೆ ತಾನೇ ಲೈನ್ ಜೋಡಿಸುವಂಥದ್ದು, ಮೊಟ್ಟಮೊದಲು ಸಾರ್ವಜನಿಕರಿಗೆ ಶುರುವಾದದ್ದು 1892ರಲ್ಲಿ ಲಾ ಪೋರ್ಟ್ ಎಂಬ ಊರಲ್ಲಿ. ಆ ಊರೂ ಇಂಡಿಯಾನಾದಲ್ಲೇ ಇದೆ! ಹಿಮ ಕರಗಿದ ಮೇಲೆ ಕರೆದುಕೊಂಡು ಹೋಗು ಅಂತ ಅಳಿಯನಿಗೆ ಹೇಳಿಟ್ಟಿದ್ದೇನೆ.

ಈಗ ನನ್ನ ಕೋರಿಕೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯ 1962ರಿಂದ ಇದೆ. ಗುಂಡಿ ಒತ್ತಿದರೆ ಓಡುವ ಮಾದರಿಗಳ ಮುಂದೆ ನನ್ನ ಮಕ್ಕಳು ಗಂಟೆಗಟ್ಟಲೆ ನಿಂತಿದ್ದುಂಟು. ಅಲ್ಲಿ ಒಂದು ಪಿನ್‌ಬಾಲ್ ಯಂತ್ರ ಇಡಲಿ. ಹೊಸದೇ ಆಗಬೇಕಿಲ್ಲ, ಹಳೆಯದಾದರೂ ಸಾಕು. ಪಕ್ಕದ ಮರದ ಹಲಗೆ ತೆಗೆದು ಗಾಜು ಹಾಕಲಿ. ಮಗು ಮೇಲೆ ಗುಂಡಿ ಒತ್ತಿದಾಗ ಕೆಳಗೆ ಕಾಯಿಲ್ ಸಲಾಕೆಯನ್ನು ಎಳೆಯುವುದು ಕಾಣಬೇಕು. ವಿದ್ಯುತ್ಕಾಂತದ ಪಾಠವನ್ನು ಪುಸ್ತಕದಲ್ಲಿ ಓದಿ ಮರೆಯುವ ಮಕ್ಕಳು ಇದನ್ನು ಮರೆಯಲಾರರು.

ಇದು ಜೂಜಿನ ಯಂತ್ರ ಅಂತ ಯಾರಾದರೂ ಆಕ್ಷೇಪ ಎತ್ತಬಹುದು. ನ್ಯೂಯಾರ್ಕ್ ನಗರವೂ ಹಾಗೆಂದೇ 1942ರಲ್ಲಿ ಇದನ್ನು ನಿಷೇಧಿಸಿತ್ತು. 1976ರಲ್ಲಿ ರೋಜರ್ ಶಾರ್ಪ್ ಎಂಬುವರು ನಗರ ಸಭೆಯವರ ಮುಂದೆಯೇ ಆಡಿ, ಗುಂಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಿ ಅಲ್ಲಿಗೇ ಕಳಿಸಿದರು. ಇದು ಅದೃಷ್ಟದ ಆಟವಲ್ಲ, ಕೈಚಳಕದ್ದು ಅಂತ ಗೊತ್ತಾಯಿತು, ನಿಷೇಧ ಹೋಯಿತು.

ನಿಮ್ಮ ಪತ್ರಿಕೆ ಈ ಮಾತನ್ನು ಮ್ಯೂಸಿಯಂನವರಿಗೆ ಮುಟ್ಟಿಸಿದರೆ ಉಪಕಾರವಾಗುತ್ತದೆ. ಅವರು ಒಪ್ಪಿದರೆ, ನಾನು ವಾಪಸ್ ಬಂದ ಮೇಲೆ ವಾರಕ್ಕೊಂದು ದಿನ ಹೋಗಿ ಮಕ್ಕಳಿಗೆ ಕಾಯಿಲ್ ಸುತ್ತಿ ತೋರಿಸಲು ತಯಾರಿದ್ದೇನೆ. ಕೈ ಇನ್ನೂ ನಡುಗುವುದಿಲ್ಲ. ಸಂಬಳ ಬೇಡ.

ಇಂತಿ,
ನಿಮ್ಮ ಹಳೆಯ ಓದುಗಿ, ನಿವೃತ್ತ ಐಟಿಐ ನೌಕರಳು
ದೂರವಾಣಿನಗರ, ಬೆಂಗಳೂರು