ಬಾರ್ ಜಾರುವುದು ಸೊಂಟದಿಂದಲ್ಲ, ಪುಟ್ಟಿ

ದಾವಣಗೆರೆ
ಭಾನುವಾರ ಬೆಳಿಗ್ಗೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ ಮಾತು ತಲೆಯಲ್ಲೇ ಕೂತಿದೆ. "ಅಪ್ಪಾಜಿ, ಡೆಡ್‌ಲಿಫ್ಟ್ ಮಾಡುವಾಗ 70 ಕೆಜಿಯ ಬಾರ್ ನೆಲದಿಂದ ಎದ್ದು ಬರುತ್ತೆ. ಮೊಣಕಾಲು ದಾಟುವಾಗ ಬೆರಳು ಬಿಚ್ಚಿಕೊಳ್ಳುತ್ತೆ. ನನ್ನ ಸೊಂಟದಲ್ಲೇ ಶಕ್ತಿ ಇಲ್ಲ ಅನ್ಸುತ್ತೆ" ಅಂದೆ. ಸೊಂಟದಲ್ಲಿ ಶಕ್ತಿ ಇಲ್ಲದಿದ್ದರೆ ಆ ಬಾರ್ ನೆಲ ಬಿಡುತ್ತಲೇ ಇರಲಿಲ್ಲ. ನಿನ್ನ ಸೊಂಟ ಚೆನ್ನಾಗಿದೆ. ನಿನ್ನ ಕೈ ಜಿಮ್ ಬಾಗಿಲಿಗೆ ಬರುವಷ್ಟರಲ್ಲೇ ಅರ್ಧ ದಣಿದಿರುತ್ತದೆ. ಇದನ್ನು ಫೋನಿನಲ್ಲಿ ಹೇಳಲು ಹೋದರೆ ನಿಮ್ಮವ್ವ ನಡುವೆ "ಊಟ ಆಯ್ತಾ, ಏನು ಮಾಡಿದ್ದೆ" ಅಂತ ಬರುತ್ತಾಳೆ. ಅದಕ್ಕೇ ಕಾಗದ ಹಿಡಿದಿದ್ದೇನೆ.

ಹೋದ ದೀಪಾವಳಿಯ ಮುಂಚೆ ಬೆಂಗಳೂರಿಗೆ ಬಂದಾಗ ನಿನ್ನ ಜಿಮ್‌ಗೆ ಬಂದಿದ್ದೆನಲ್ಲ, ಜೇಬಿನಿಂದ ವರ್ನಿಯರ್ ತೆಗೆದು ಬಾರ್ ಅಳೆದೆ ಅಂತ ನೀನು ನಾಚಿಕೊಂಡು ಆ ಕಡೆ ತಿರುಗಿದೆ. 34 ವರ್ಷ ಕಬ್ಬಿಣ ಕಡೆಯುವ ಲೇತ್ ಮಷೀನ್ ಮುಂದೆ ನಿಂತವನು ಗುಂಡಗಿರುವ ಕಬ್ಬಿಣ ಕಂಡರೆ ಅಳೆಯದೆ ಹೇಗೆ ಇರುವುದು? ನೀನು ಎತ್ತುವ ಬಾರ್ 30 ಮಿಲಿಮೀಟರ್ ಬಂತು. ಸ್ಪರ್ಧೆಯಲ್ಲಿ ಗಂಡಸರ ಬಾರ್ 28 ಮಿಲಿಮೀಟರ್ ದಪ್ಪ, 20 ಕೆಜಿ ತೂಕ. ಹೆಂಗಸರದ್ದು 25 ಮಿಲಿಮೀಟರ್, 15 ಕೆಜಿ. ಹೆಂಗಸರ ಕೈ ಸಾಮಾನ್ಯವಾಗಿ ಚಿಕ್ಕದು, ಬೆರಳು ಸುತ್ತಿ ಬಂದು ಹೆಬ್ಬೆರಳನ್ನು ಮುಟ್ಟಬೇಕು. ನಿನ್ನ ಕೈ ನಿಮ್ಮವ್ವನ ಕೈ, ಬಳೆ ಅಳತೆಯೂ ಒಂದೇ. 5 ಮಿಲಿಮೀಟರ್ ಜಾಸ್ತಿ ದಪ್ಪ ಅಂದರೆ ಅದಕ್ಕೆ ಸಣ್ಣ ವ್ಯತ್ಯಾಸವಲ್ಲ. ನಿಮ್ಮ ಜಿಮ್‌ನಲ್ಲೂ 25ರ ಬಾರ್ ಒಂದಿದೆ, ಮೂಲೆಯಲ್ಲಿ. ಯಾರೋ ಅದರ ಮೇಲೆ ಟವೆಲ್ ಒಣಗಲು ಹಾಕಿದ್ದರು. ಟವೆಲ್ ಎತ್ತಿಟ್ಟು ಅದನ್ನು ತಗೋ. ಲೆಕ್ಕ ಹಾಕುವಾಗ ಬಾರ್ 15 ಅಂತ ನೆನಪಿರಲಿ, ಇಲ್ಲದಿದ್ದರೆ 5 ಕೆಜಿ ಸುಮ್ನೆ ಮೆರೆದಂತಾಗುತ್ತದೆ. ಅಕೌಂಟ್ಸ್ ಓದಿದವಳಿಗೆ ನಾನು ಇದನ್ನು ಹೇಳಬೇಕಿಲ್ಲ.

ಇನ್ನೊಂದು ವಿಷಯ. ಬಾರ್ ಮೇಲೆ ಕೈಗೆ ಒರಟಾಗಿ ಹತ್ತುವ ಗೆರೆ ಗೆರೆ ಕೆತ್ತನೆ ಇದೆಯಲ್ಲ, ಅದಕ್ಕೆ ನರ್ಲಿಂಗ್ ಅನ್ನುತ್ತೇವೆ. ಅದು ನನ್ನ ಕಸುಬು. ಲೇತ್‌ನಲ್ಲಿ ಕಬ್ಬಿಣದ ತುಂಡು ತಿರುಗುತ್ತಿರುವಾಗ ಹಲ್ಲಿನ ಚಕ್ರವನ್ನು ಒತ್ತಿ ಹಿಡಿದರೆ ಆ ವಜ್ರದ ಗುರುತು ಮೂಡುತ್ತದೆ. ಎಷ್ಟು ಹಿಡಿಕೆಗಳಿಗೆ ಹಾಕಿದ್ದೇನೋ ಲೆಕ್ಕವಿಲ್ಲ. ನಿಮ್ಮ ಬಾರ್‌ನ ನರ್ಲಿಂಗ್ ಸವೆದಿಲ್ಲ, ಅದರ ಸಂದಿಯಲ್ಲಿ ಬೆವರು, ಸತ್ತ ಚರ್ಮ, ಪೌಡರ್ ಸೇರಿ ಮೇಣದ ಹಾಗೆ ತುಂಬಿಕೊಂಡಿದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೋ. ಎತ್ತುವ ಮುಂಚೆ ಎರಡು ಕಡೆ ಉಜ್ಜು. ಕಬ್ಬಿಣ ಕೈಯನ್ನು ಕಚ್ಚುವುದು ನಿನಗೇ ಗೊತ್ತಾಗುತ್ತದೆ.

ಈಗ ಕೈಯ ಮಾತಿಗೆ ಬರೋಣ. ಎಡಗೈಯಿಂದ ಬಲ ಮುಂಗೈಯನ್ನು ಹಿಡಿದುಕೋ. ಬಲಗೈ ಬೆರಳು ಮಡಚಿ ಬಿಚ್ಚು. ಮುಂಗೈ ಒಳಗೆ ಮಾಂಸ ಓಡಾಡುವುದು ಕೈಗೆ ಸಿಗುತ್ತದೆ, ಅಲ್ವಾ? ಬಾರನ್ನು ಗಟ್ಟಿಯಾಗಿ ಹಿಡಿಯುವ ಬಲದ ಹೆಚ್ಚು ಪಾಲು ಬೆರಳಲ್ಲಿಲ್ಲ, ಅಲ್ಲಿದೆ. ಅಲ್ಲಿಂದ ಹುರಿಗಳು ಮಣಿಕಟ್ಟಿನ ಮೂಲಕ ಬೆರಳಿನವರೆಗೆ ಬರುತ್ತವೆ. ನಿನ್ನ ಸ್ಕೂಟರಿನ ಬ್ರೇಕ್ ವೈರ್ ಕೊಳವೆಯೊಳಗೆ ಜಾರುತ್ತದಲ್ಲ, ಹಾಗೆಯೇ. ಡಾಕ್ಟರು ಟೆಂಡನ್ ಅನ್ನುತ್ತಾರೆ. ಮಾಂಸ ಬೇಗ ಬಲಿಯುತ್ತದೆ, ಈ ವೈರು ಬಲಿಯಲು ತಿಂಗಳುಗಟ್ಟಲೆ ಬೇಕು. ನೀನು ಶುರು ಮಾಡಿ ಐದು ತಿಂಗಳಾಯಿತು. ತೊಡೆ, ಬೆನ್ನು ಮುಂದೆ ಓಡಿವೆ, ವೈರು ಹಿಂದೆ ಉಳಿದಿದೆ.

ಆ ವೈರಿಗೆ ನೀನು ಕೊಡುತ್ತಿರುವ ಕೆಲಸ ನೋಡು. ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸ್ಕೂಟರ್. ಬಲಗೈ ಆಕ್ಸಿಲರೇಟರ್ ತಿರುಗಿಸಿ ಹಿಡಿದೇ ಇರುತ್ತದೆ, ಸಿಲ್ಕ್ ಬೋರ್ಡ್ ಹತ್ತಿರ ಎರಡು ಕೈಯೂ ಬ್ರೇಕ್ ಮೇಲೆ. ಆಮೇಲೆ ಎಂಟು ತಾಸು ಮೌಸ್. ಸಂಜೆ ಮತ್ತೆ ಅದೇ ಸ್ಕೂಟರ್. ಏಳೂವರೆಗೆ ಜಿಮ್. ಆಗ 70 ಕೆಜಿ ಹಿಡಿ ಅಂದರೆ ಬೆರಳು ಎಲ್ಲಿಂದ ಹಿಡಿಯಬೇಕು?

ಡೆಡ್‌ಲಿಫ್ಟ್ ಇರುವ ದಿನ ಮೆಟ್ರೋದಲ್ಲಿ ಹೋಗು. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲೇ ಶುರುವಾಗಿದೆ, ಆರ್.ವಿ. ರೋಡಿನಲ್ಲಿ ಬದಲಾಯಿಸಿದರೆ ಆಯಿತು. ಆಗದಿದ್ದರೆ ಆ ಭಾರವನ್ನು ಶನಿವಾರ ಬೆಳಿಗ್ಗೆಗೆ ತಳ್ಳು, ವಾರದ ನಡುವೆ ಕಾಲಿನ ವ್ಯಾಯಾಮ, ಭಾರ ಒತ್ತುವ ವ್ಯಾಯಾಮ ಮಾಡು. ತಿಂಗಳ 20ನೇ ತಾರೀಖಿನ ಜಿಎಸ್‌ಟಿ ಗಲಾಟೆ ಬಂದಾಗ ರಾತ್ರಿ ಹತ್ತರವರೆಗೆ ಕೂರುತ್ತೀಯಲ್ಲ, ಆ ವಾರ ಭಾರ ಅರ್ಧ ಮಾಡು. ಒಂದು ವಾರ ಇಳಿಸಿದರೆ ಐದು ತಿಂಗಳ ಬಲ ಎಲ್ಲಿಗೂ ಹೋಗುವುದಿಲ್ಲ. ನಿದ್ದೆ ಬಿಟ್ಟು ಎತ್ತಿದರೆ ಏನೂ ಸೇರುವುದೂ ಇಲ್ಲ.

ನನ್ನ ಕಥೆ ನಿನಗೆ ಪೂರ್ತಿ ಹೇಳಿಲ್ಲ. 1996ರಲ್ಲಿ ವರ್ಕ್‌ಶಾಪಿನಲ್ಲಿ ಓವರ್‌ಟೈಮ್ ಜೋರಾಗಿತ್ತು. ದಿನವಿಡೀ ಲೇತ್‌ಗೆ ಕಬ್ಬಿಣ ಬಿಗಿಯುವ ಚಕ್ ಕೀ ತಿರುಗಿಸುವುದು, ಸಂಜೆ ಗರಡಿಮನೆಗೆ ಹೋಗಿ ಗದೆ ಬೀಸುವುದು. ಬಲ ಮೊಣಕೈಯ ಹೊರಗಡೆ ಒಂದು ಕಡೆ ಚುಚ್ಚಲು ಶುರುವಾಯಿತು. ಒಂದು ಬೆರಳಿಟ್ಟು ತೋರಿಸಬಹುದಾದಷ್ಟು ಜಾಗ. ಮುಲಾಮು ತಿಕ್ಕಿದೆ, ಬಟ್ಟೆ ಕಟ್ಟಿದೆ, ಮಾತ್ರೆ ನುಂಗಿ ಗದೆ ಬೀಸಿದೆ. ಉಸ್ತಾದರು "ಬೇಡ ಬಿಡೋ" ಅಂದರೂ ಕೇಳಲಿಲ್ಲ. ಎರಡು ತಿಂಗಳಿಗೆ ಚಹಾದ ಲೋಟ ಎತ್ತಲು ಆಗದ ಹಾಗಾಯಿತು. ಡಾಕ್ಟರು ಟೆನಿಸ್ ಎಲ್ಬೋ ಅಂದರು. ಟೆನಿಸ್ ಬ್ಯಾಟನ್ನು ನಾನು ಅಲ್ಲಿಯವರೆಗೂ ಮುಟ್ಟಿದವನಲ್ಲ! ವಾಸಿಯಾಗಲು ಎಂಟು ತಿಂಗಳು ಹಿಡಿಯಿತು. ಫಿಸಿಯೋ ಹೇಳಿಕೊಟ್ಟದ್ದು ಇಷ್ಟೇ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿ. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಮೇಲಕ್ಕೆತ್ತಿಸಿಕೊಂಡು ನಿಧಾನವಾಗಿ ಇಳಿಸು. ಎತ್ತುವುದಕ್ಕಿಂತ ಇಳಿಸುವುದರಲ್ಲೇ ಮದ್ದಿತ್ತು.

ಹಾಗಾಗಿ ನೋವು ಎರಡು ಥರ ಅಂತ ತಿಳಿದುಕೋ. ಎತ್ತಿದ ಮರುದಿನ ಬಂದು, ಎರಡನೇ ದಿನ ಜಾಸ್ತಿಯಾಗಿ, ಎರಡೂ ಕಡೆ ಸಮನಾಗಿ ಹರಡಿಕೊಂಡಿರುವ ನೋವು ಮಾಂಸದ್ದು. ಓಡಾಡಿದರೆ ಸಡಿಲವಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಹೋಗುತ್ತದೆ. ಅದಕ್ಕೆ ಹೆದರಬೇಡ. ಒಂದೇ ಕಡೆ, ಒಂದೇ ಬಿಂದುವಿನಲ್ಲಿ, ಹಿಡಿದಾಗೆಲ್ಲ ಚುಚ್ಚುವುದು ಇನ್ನೊಂದು ಥರ. ಎತ್ತುವಾಗ ಚೂರು ಗೊತ್ತಾಗಿ, ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ನಡೆಯುತ್ತದೆ. ಬೆಳಿಗ್ಗೆ ಬಕೆಟ್ ಎತ್ತುವಾಗ ನಿನ್ನೆಗಿಂತ ಜಾಸ್ತಿ ಇದ್ದರೆ ಭಾರ ಇಳಿಸು. ಜಿಮ್‌ಗೆ ಹೋಗುವ ಮುಂಚೆ ನೋವಿನ ಮಾತ್ರೆ ಮಾತ್ರ ನುಂಗಬೇಡ. ಅದು ಎಣ್ಣೆ ಕಮ್ಮಿಯಾಗಿದೆ ಅನ್ನುವ ದೀಪದ ಮೇಲೆ ಬಟ್ಟೆ ಹಾಕಿ ಗಾಡಿ ಓಡಿಸಿದಂತೆ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುವುದು, ಅಥವಾ ಕಿರುಬೆರಳಿನ ಕಡೆ ಮರಗಟ್ಟುವುದು ಇದ್ದರೆ ನನ್ನ ಪತ್ರ ಓದುತ್ತಾ ಕೂರಬೇಡ. ಅದು ನರದ ವಿಷಯ, ಡಾಕ್ಟರ ಹತ್ತಿರ ಹೋಗು. ನಿಮ್ಮವ್ವ ಎಣ್ಣೆ ಕಾಯಿಸಿ ತಿಕ್ಕಿಕೋ ಅಂತಾಳೆ. ತಿಕ್ಕಿಕೋ, ಹಿತವಾಗುತ್ತೆ. ಹಿತವಾಯಿತು ಅಂತ ಮರುದಿನ ಭಾರ ಏರಿಸಬೇಡ.

ಹಿಡಿತ ಬಲಿಯಲು ಹೊಸ ಮಷೀನ್ ಬೇಡ. ನೀನು ಕೊಂಡ ಆ ಸ್ಪ್ರಿಂಗ್ ಹಿಚುಕುವ ಆಟಿಕೆಯನ್ನು ಪಕ್ಕದ ಮನೆ ಹುಡುಗನಿಗೆ ಕೊಟ್ಟುಬಿಡು, ಮೌಸ್ ಹಿಡಿದ ಕೈಗೆ ಇನ್ನೂ ಹಿಚುಕುವ ಕೆಲಸ ಯಾಕೆ? ಡೆಡ್‌ಲಿಫ್ಟ್‌ನ ಕೊನೆಯ ಸೆಟ್‌ನಲ್ಲಿ, ಸ್ವಲ್ಪ ಕಮ್ಮಿ ಭಾರದಲ್ಲಿ, ಎದ್ದು ನಿಂತ ಮೇಲೆ ಹತ್ತು ಹದಿನೈದು ಸೆಕೆಂಡ್ ಬಾರನ್ನು ಹಿಡಿದೇ ನಿಲ್ಲು. ಇನ್ನೊಂದು ದಿನ ಎರಡು ಕೈಯಲ್ಲೂ ಡಂಬೆಲ್ ಹಿಡಿದು ಜಿಮ್‌ನ ಈ ಗೋಡೆಯಿಂದ ಆ ಗೋಡೆಗೆ ನಡೆ. ವಾರಕ್ಕೆ ಎರಡು ಸಲ ಸಾಕು. ನಿಮ್ಮಜ್ಜಿ ಆಳದ ಬಾವಿಯಿಂದ ಹಗ್ಗ ಜಗ್ಗಿ ನೀರು ಸೇದುತ್ತಿದ್ದಳು. ಎಪ್ಪತ್ತು ದಾಟಿದ ಮೇಲೂ ಅವಳು ಬಿಗಿದ ಡಬ್ಬಿಯನ್ನು ನಾವು ತೆಗೆಯಲು ಕಷ್ಟಪಡುತ್ತಿದ್ದೆವು. ಬೆರಳು ಮುಚ್ಚುವ ಮಾಂಸಕ್ಕೆ ಇಷ್ಟು ಕೆಲಸವಾದರೆ ಬಿಚ್ಚುವ ಮಾಂಸಕ್ಕೂ ಕೊಡಬೇಕು. ಕೊತ್ತಂಬರಿ ಕಟ್ಟಿಗೆ ಸುತ್ತಿದ ರಬ್ಬರ್ ಬ್ಯಾಂಡ್ ಐದೂ ಬೆರಳಿಗೆ ಹಾಕಿ ಅಗಲಿಸು. ಆಫೀಸಿನ ಮೀಟಿಂಗಿನಲ್ಲೇ ಮಾಡಬಹುದು, ಮೇಜಿನ ಕೆಳಗೆ.

ಬಾರನ್ನು ಅಂಗೈ ನಡುವೆ ಇಡಬೇಡ, ಬೆರಳಿನ ಬುಡದಲ್ಲಿ ಇಡು. ನಡುವೆ ಇಟ್ಟರೆ ಭಾರಕ್ಕೆ ಜಾರಿ ಚರ್ಮ ಮಡಚಿ ಕೀಳುತ್ತದೆ. ಈಗಾಗಲೇ ಜಡ್ಡು ಬಂದಿದೆ ಅಂದೆ. ಬ್ಲೇಡಿನಲ್ಲಿ ಕೊಯ್ಯಬೇಡ. ಸ್ನಾನದ ಕೊನೆಗೆ ಮೆತ್ತಗಾಗಿರುವಾಗ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮಟ್ಟ ಮಾಡು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚು.

ಬೆವರಿಗೆ ಚಾಕ್ ಹಚ್ಚಿಕೋ. ಅದು ಮೆಗ್ನೀಸಿಯಂ ಕಾರ್ಬೊನೇಟ್, ಶಾಲೆಯ ಬೋರ್ಡಿನ ಸೀಮೆಸುಣ್ಣವಲ್ಲ. ಮುಖಕ್ಕೆ ಹಾಕುವ ಪೌಡರ್ ಹಚ್ಚಿದರೆ ಇನ್ನೂ ಜಾರುತ್ತದೆ. ನೆಲ ಗಲೀಜಾಗುತ್ತೆ ಅಂತ ಬೈದರೆ ದ್ರವದ ಚಾಕ್ ಸಿಗುತ್ತದೆ. ಗರಡಿಯಲ್ಲಿ ನಾವು ಅಖಾಡದ ಮಣ್ಣನ್ನೇ ಕೈಗೆ ಮೈಗೆ ತಿಕ್ಕಿಕೊಳ್ಳುತ್ತಿದ್ದೆವು. ಕೆಲಸ ಅದೇ, ವಾಸನೆ ಮಾತ್ರ ನಮ್ಮದು ಚೆನ್ನಾಗಿತ್ತು.

ನಿನ್ನ ಟ್ರೇನರ್ ಒಂದು ಅಂಗೈ ನಿನ್ನ ಕಡೆಗೆ, ಇನ್ನೊಂದು ಹೊರಗಡೆಗೆ ಮಾಡಿ ಹಿಡಿ ಅಂದನಂತೆ. ಬಾರ್ ಉರುಳುವುದು ನಿಲ್ಲುತ್ತದೆ, ನಿಜ. ಆದರೆ ಅಂಗೈ ಹೊರಗಾದ ಕೈಯ ಮೊಣಕೈ ಚೂರು ಮಡಚಿದರೂ ತೋಳಿನ ಹುರಿಗೆ ಪೆಟ್ಟು, ಅದು ಹರಿದವರಿದ್ದಾರೆ. ಹಗುರ ಸೆಟ್‌ಗಳಲ್ಲಿ ಎರಡೂ ಅಂಗೈ ನಿನ್ನ ಕಡೆಗೇ ಇರಲಿ. ಕೊನೆಯ ಒಂದೆರಡು ಭಾರದ ಸೆಟ್‌ಗೆ ಸ್ಟ್ರಾಪ್, ಅಂದರೆ ಮಣಿಕಟ್ಟಿನಿಂದ ಬಾರಿಗೆ ಸುತ್ತುವ ಪಟ್ಟಿ, ಕಟ್ಟಿಕೋ. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ. ನಮ್ಮ ಮಂಡಿಯ ಹಮಾಲರು ಚೀಲಕ್ಕೆ ಕೊಕ್ಕೆ ಹಾಕಿ ಎಳೆಯುವುದು ಬೆರಳು ಉಳಿಸಿಕೊಳ್ಳುವುದಕ್ಕೇ.

ಸ್ಪರ್ಧೆಯವರು ಹೆಬ್ಬೆರಳನ್ನು ಒಳಗೆ ಹಾಕಿ ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ನೋಯುತ್ತದೆ, ನಿನಗೆ ಸದ್ಯಕ್ಕೆ ಬೇಡ. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್ ನಡೆದಾಗ ನೀನು ಮೂರು ತಿಂಗಳ ಕೂಸು. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟಿಂಗ್ ಇಟ್ಟದ್ದು ಅದೇ ಮೊದಲು. ಕರ್ಣಂ ಮಲ್ಲೇಶ್ವರಿ 110, ಆಮೇಲೆ 130, ಒಟ್ಟು 240 ಕೆಜಿ ಎತ್ತಿ ಕಂಚು ತಂದಳು. ಒಲಿಂಪಿಕ್ಸ್ ಪದಕ ಗೆದ್ದ ನಮ್ಮ ದೇಶದ ಮೊದಲ ಹೆಣ್ಣುಮಗಳು. ಪೇಪರಿನ ಫೋಟೋದಲ್ಲಿ ಎಲ್ಲರೂ ಅವಳ ಮುಖ ನೋಡಿದರು, ನಾನು ಬಾರ್ ಹಿಡಿದ ಬೆರಳು ನೋಡಿದೆ. ನೀನು ತೊಟ್ಟಿಲಿನಲ್ಲಿ ನನ್ನ ಕಿರುಬೆರಳು ಹಿಡಿದು ಬಿಡುತ್ತಿರಲಿಲ್ಲ, ಅದನ್ನು ನಿಮ್ಮವ್ವನಿಗೆ ತೋರಿಸಿ ನಕ್ಕಿದ್ದೆ.

ಬಸ್ಸಿನವರ ಕೈಯಲ್ಲಿ ಪಾರ್ಸಲ್ ಕಳಿಸಿದ್ದೇನೆ. ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಒಂದು ತಂತಿ ಬ್ರಷ್ ಅಲ್ಲ, ನೈಲಾನ್ ಬ್ರಷ್ (ತಂತಿಯದ್ದು ಬಾರನ್ನು ಗೀರುತ್ತೆ). ಚಟ್ನಿ ಡಬ್ಬಿಯ ಮುಚ್ಚಳ ನಾನೇ ಬಿಗಿದಿದ್ದೇನೆ. ಮೊಣಕೈಯಲ್ಲಿ ಚುಚ್ಚಿದರೆ ಬಲವಂತ ಮಾಡಬೇಡ, ರೂಮಿನ ಹುಡುಗಿ ಕೈಗೆ ಕೊಡು.

ಇಂತಿ
ನಿನ್ನ ಅಪ್ಪಾಜಿ